ಉಡುಪಿ ಸೀಮೆಯಲ್ಲಿ ಪರಮತ ಪರಿಚಯ ಮತ್ತು ಮತಸೌಹಾರ್ದ

ತನ್ನದಲ್ಲದ ಮತದ ನಂಬಿಕೆ, ಆಚಾರ, ಪವಿತ್ರಸ್ಥಳ ಮತ್ತು ಗ್ರಂಥಗಳನ್ನು ತಿಳಿದುಕೊಳ್ಳುವುದು ಪರಮತ ಪರಿಚಯ. ಬೇರೆ ಬೇರೆ ಮತದವರು ಒಂದೇ ಊರಿನಲ್ಲಿ ಪರಸ್ಪರ ಮರ್ಯಾದೆಯಿಂದ ನಡೆದುಕೊಳ್ಳುವ ರೀತಿ ಮತಸೌಹಾರ್ದ. ಕರ್ನಾಟಕದ ಕರಾವಳಿಯ ಉಡುಪಿ, ಮಣಿಪಾಲ, ಕಾಪು ಮತ್ತು ಕಾರ್ಕಳ ಪ್ರದೇಶಗಳಲ್ಲಿ ಜೈನ, ವೈಷ್ಣವ, ಶೈವ, ಇಸ್ಲಾಂ ಮತ್ತು ಕ್ರೈಸ್ತ ಮತಗಳೂ ತುಳುನಾಡಿನ ದೈವಾರಾಧನೆಯೂ ಹಲವು ಶತಮಾನಗಳಿಂದ ಒಟ್ಟಿಗೆ ಇವೆ. ಇಲ್ಲಿ ಇನ್ನೊಬ್ಬರ ಮತದ ತಿಳಿವಳಿಕೆ ಹೆಚ್ಚಾಗಿ ಬಂದದ್ದು ಗ್ರಂಥದಿಂದಲ್ಲ. ಯಾರ ಅಂಗಳದಲ್ಲಿ ಯಾವ ದಿನ ಏನು ನಡೆಯುತ್ತದೆ, ಅದರಲ್ಲಿ ಯಾರ ಪಾಲು ಎಷ್ಟು ಎಂಬ ನಡಾವಳಿಯ ಅರಿವೇ ಅದರ ತಿರುಳು. ಸಿದ್ಧಾಂತದ ಅಧ್ಯಯನವೂ ಇತ್ತು, ಆದರೆ ಅದು ಮಠ, ಮಿಷನ್ ಮತ್ತು ವಿದ್ಯಾಸಂಸ್ಥೆಗಳ ಒಳಗೆ ಬೇರೆಯೇ ದಾರಿಯಲ್ಲಿ ಬೆಳೆಯಿತು.

ಪರಿಭಾಷೆ

ಈ ವಿಷಯದ ಬರಹಗಳಲ್ಲಿ ಕೆಲವು ಪದಗಳು ಒಂದರ ಬದಲಿಗೆ ಇನ್ನೊಂದು ಬಳಕೆಯಾಗುತ್ತವೆ. ಪರಮತ ಸಹಿಷ್ಣುತೆ ಎಂದರೆ ಒಪ್ಪದ ನಂಬಿಕೆಗೂ ಎಡೆ ಬಿಡುವುದು. ಸರ್ವಧರ್ಮ ಸಮಭಾವ ಎಲ್ಲ ಮತಗಳಿಗೂ ಸಮಾನ ಗೌರವ ಸಲ್ಲಬೇಕೆನ್ನುವ ನಿಲುವು. ಗಾಂಧೀಜಿಯವರ ಕಾಲದಿಂದ ಈ ಪದಕ್ಕೆ ಹೆಚ್ಚು ಬಳಕೆ ಬಂದಿದೆ. ಅಂತರ್‌ಧರ್ಮೀಯ ಸಂವಾದವೆಂದರೆ ಮತಗಳ ಪ್ರತಿನಿಧಿಗಳು ಉದ್ದೇಶಪೂರ್ವಕವಾಗಿ ಕೂತು ನಡೆಸುವ ಮಾತುಕತೆ. ಕರಾವಳಿಯ ಪತ್ರಿಕೆಗಳಲ್ಲಿಯೂ ಸಭೆಗಳಲ್ಲಿಯೂ ಸಾಮಾನ್ಯವಾಗಿ ಕೇಳಿಬರುವವು ‘ಸೌಹಾರ್ದ’ ಮತ್ತು ‘ಸಹಬಾಳ್ವೆ’. ಈ ಲೇಖನದಲ್ಲಿ ಸಂಸ್ಥೆಯಾಗಿ ನಿಂತ ಶ್ರದ್ಧೆಗೆ ‘ಮತ’ ಎಂಬ ಪದವನ್ನೂ ತುಳುನಾಡಿನ ಭೂತಾರಾಧನೆಗೆ ‘ದೈವಾರಾಧನೆ’ ಎಂಬ ಪದವನ್ನೂ ಬಳಸಿದೆ.

ಪ್ರದೇಶ ಮತ್ತು ಸಮುದಾಯಗಳು

ಉಡುಪಿ ಜಿಲ್ಲೆ 1997ರ ಆಗಸ್ಟ್‌ನಲ್ಲಿ ದಕ್ಷಿಣ ಕನ್ನಡದಿಂದ ಬೇರ್ಪಟ್ಟಿತು. ಆಗ ಉಡುಪಿ, ಕುಂದಾಪುರ, ಕಾರ್ಕಳ ಎಂಬ ಮೂರು ತಾಲೂಕುಗಳಿದ್ದವು. ಕಾಪು ಆಮೇಲೆ ತಾಲೂಕಾಯಿತು. 2011ರ ಜನಗಣತಿಯ ಪ್ರಕಾರ ಜಿಲ್ಲೆಯ ಜನಸಂಖ್ಯೆ 11.77 ಲಕ್ಷ. ಅದರಲ್ಲಿ ಹಿಂದೂಗಳು ಸುಮಾರು ಶೇ. 86, ಮುಸ್ಲಿಮರು ಶೇ. 8, ಕ್ರೈಸ್ತರು ಶೇ. 5.5, ಜೈನರು ಶೇ. 1ಕ್ಕಿಂತ ಕಡಿಮೆ. ಕಾರ್ಕಳವನ್ನು ಆಳಿದವರು ಜೈನರು ಎಂಬುದನ್ನು ನೆನೆದರೆ ಈ ಕೊನೆಯ ಅಂಕಿ ಗಮನಿಸಬೇಕಾದದ್ದು.

ಈ ವರ್ಗಗಳ ಒಳಗೂ ವೈವಿಧ್ಯವಿದೆ. ಮುಸ್ಲಿಮರಲ್ಲಿ ಬ್ಯಾರಿ ಭಾಷೆಯವರು, ಉರ್ದು ಮಾತಿನವರು ಮತ್ತು ಉತ್ತರದ ಗಂಗೊಳ್ಳಿ, ಶಿರೂರು ಕಡೆಯ ನವಾಯತರು ಇದ್ದಾರೆ. ಕ್ರೈಸ್ತರಲ್ಲಿ ಕೊಂಕಣಿ ಮಾತಿನ ಕಥೊಲಿಕರು ಹೆಚ್ಚು. ಬಾಸೆಲ್ ಮಿಷನ್ ಪರಂಪರೆಯ ಪ್ರೊಟೆಸ್ಟಂಟರಲ್ಲಿ ತುಳು, ಕನ್ನಡ ಮನೆಮಾತಿನವರಿದ್ದಾರೆ. ಬ್ರಹ್ಮಾವರದಲ್ಲಿ 19ನೇ ಶತಮಾನದ ಕೊನೆಯಲ್ಲಿ ರೋಮಿನಿಂದ ಬೇರೆಯಾಗಿ ಸಿರಿಯನ್ ಆರ್ಥೊಡಾಕ್ಸ್ ಪರಂಪರೆಯನ್ನು ಸೇರಿದ ಒಂದು ಸಮುದಾಯವಿದೆ. ಹೀಗೆ ಮತ ಬೇರೆಯಾದರೂ ತುಳು ಬಹುಮಂದಿಗೆ ಬೀದಿಯ ಮಾತು. ಇನ್ನೊಬ್ಬರ ಹಬ್ಬದ ಹೆಸರು, ದೇವರ ಹೆಸರು ತಿಳಿಯಲು ಬೇರೆ ಭಾಷೆ ಕಲಿಯಬೇಕಾಗಿ ಬರಲಿಲ್ಲ.

ಜೈನ ಅರಸರು ಮತ್ತು ಶಾಸನಗಳು

ಕಾರ್ಕಳವನ್ನು ಕೇಂದ್ರವಾಗಿಸಿಕೊಂಡು ಆಳಿದ ಭೈರರಸರು ಜೈನರು. ವೀರಪಾಂಡ್ಯ ಭೈರರಸ ಊರಿನ ಬಂಡೆಬೆಟ್ಟದ ಮೇಲೆ ಸುಮಾರು 42 ಅಡಿ ಎತ್ತರದ ಬಾಹುಬಲಿಯ ಏಕಶಿಲಾ ಮೂರ್ತಿಯನ್ನು 1432ರ ಫೆಬ್ರವರಿ 13ರಂದು ಪ್ರತಿಷ್ಠಾಪಿಸಿದ. ಅದರ ಎದುರಿನ ಚಿಕ್ಕ ಬೆಟ್ಟದಲ್ಲಿ ಇಮ್ಮಡಿ ಭೈರರಸ 1586ರಲ್ಲಿ ಚತುರ್ಮುಖ ಬಸದಿಯನ್ನು ಕಟ್ಟಿಸಿದ. ನಾಲ್ಕು ದಿಕ್ಕಿಗೂ ಒಂದೇ ರೂಪದ ಬಾಗಿಲುಗಳಿರುವ ಈ ಕಟ್ಟಡದಲ್ಲಿ ಪ್ರತಿ ದಿಕ್ಕಿಗೂ ಅರ, ಮಲ್ಲಿ ಮತ್ತು ಮುನಿಸುವ್ರತ ತೀರ್ಥಂಕರರ ಮೂರ್ತಿಗಳಿವೆ.

ಈ ಬಸದಿಯ ಹುಟ್ಟಿನ ಬಗ್ಗೆ ಕಾರ್ಕಳದಲ್ಲಿ ಒಂದು ಐತಿಹ್ಯವಿದೆ. ಶೃಂಗೇರಿಯ ನರಸಿಂಹ ಭಾರತಿ ಸ್ವಾಮಿಗಳು ಊರಿಗೆ ಬಂದಾಗ ಅರಸ ಅವರಿಗೆ ಹೊಸದಾಗಿ ಕಟ್ಟಿದ ಬಸದಿಯಲ್ಲಿ ಬಿಡಾರ ಕೊಟ್ಟನಂತೆ. ತಮ್ಮ ದೇವರಿಲ್ಲದ ಕಡೆ ನಿಲ್ಲುವುದು ಹೇಗೆ ಎಂದು ಸ್ವಾಮಿಗಳು ಕೇಳಲು, ಅಲ್ಲಿ ಶೇಷಶಾಯಿ ಅನಂತನ ಮೂರ್ತಿಯನ್ನು ಇರಿಸಲು ಅರಸ ಒಪ್ಪಿದ. ಅದರಿಂದ ಬೇಸರಗೊಂಡ ಜೈನರ ಸಮಾಧಾನಕ್ಕೆ ಎದ್ದದ್ದೇ ಚತುರ್ಮುಖ ಬಸದಿ. ಕಥೆಯ ವಿವರಗಳಿಗೆ ಶಾಸನದ ಆಧಾರವಿಲ್ಲ. ಆದರೆ ಅನಂತಶಯನ ದೇವಾಲಯವೂ ಬಸದಿಯೂ ಕಾರ್ಕಳದಲ್ಲಿ ಇವೆ. ಐತಿಹ್ಯದ ಬೆಲೆ ಇನ್ನೊಂದು ಕಡೆ ಇದೆ. ಅರಸನ ಔದಾರ್ಯವನ್ನು ಹೊಗಳುವುದರೊಂದಿಗೆ ಆತನ ಸ್ವಮತದವರ ಅಸಮಾಧಾನವನ್ನೂ ಅದು ಮರೆಮಾಚದೆ ಹೇಳುತ್ತದೆ.

ಇದಕ್ಕಿಂತ ಗಟ್ಟಿಯಾದ ದಾಖಲೆ ಕಾಪುವಿನದು. 1556ರ ಕಾಪು ತಾಮ್ರಶಾಸನ ಕೆಳದಿ ಸದಾಶಿವ ನಾಯಕನ ಕಾಲಕ್ಕೆ ಸೇರಿದ್ದು. ಕಾಪುವಿನ ಸ್ಥಳೀಯ ಒಡೆಯ ಮದ್ದ ಹೆಗ್ಗಡೆ ಧರ್ಮನಾಥ ತೀರ್ಥಂಕರನ ಬಸದಿಗೆ ಬಿಟ್ಟ ದತ್ತಿಯನ್ನು ಇದು ದಾಖಲಿಸುತ್ತದೆ. ದಾನಶಾಸನಗಳ ಕೊನೆಯಲ್ಲಿ ದತ್ತಿ ಕೆಡಿಸಿದವನಿಗೆ ತಗಲುವ ಪಾಪವನ್ನು ಹೇಳುವುದು ವಾಡಿಕೆ. ಈ ಶಾಸನ ಆ ಶಾಪವನ್ನು ಮತಕ್ಕೆ ತಕ್ಕಂತೆ ಹಂಚುತ್ತದೆ. ಕೆಡಿಸಿದವನು ಜೈನನಾದರೆ ಬೆಳ್ಗೊಳದ ಗೊಮ್ಮಟ, ಕೊಪಣದ ಚಂದ್ರನಾಥ ಮತ್ತು ಊರ್ಜಂತಗಿರಿಯ ನೇಮಿನಾಥ ಮೂರ್ತಿಗಳನ್ನು ಒಡೆದ ಪಾಪ. ಶೈವನಾದರೆ ಶೈವಕ್ಷೇತ್ರಗಳ ಲಿಂಗಗಳನ್ನು ಒಡೆದ ಪಾಪ. ವೈಷ್ಣವನಾದರೆ ವಿಷ್ಣುಕ್ಷೇತ್ರಗಳ ಮೂರ್ತಿಗಳನ್ನು ಒಡೆದ ಪಾಪ. ಯಾವ ಮತದವನಿಗೆ ಯಾವ ಸ್ಥಳ ಪ್ರಾಣಸಮಾನ ಎಂಬುದು ಶಾಸನ ಬರೆಸಿದವರಿಗೆ ಗೊತ್ತಿತ್ತು. ಬಸದಿಯ ಆಸ್ತಿಯನ್ನು ಮುಟ್ಟುವ ಅಧಿಕಾರ ಮುಂದೆ ಶೈವನ ಅಥವಾ ವೈಷ್ಣವನ ಕೈಗೆ ಹೋದೀತು ಎಂಬ ಅಂದಾಜೂ ಅದರ ಹಿಂದೆ ಇದೆ. ಇದನ್ನು ಬರಿಯ ಔದಾರ್ಯದ ಸಾಕ್ಷಿಯೆಂದು ಓದುವುದು ಸರಿಯಲ್ಲ: ಆಸ್ತಿ ಉಳಿಸಿಕೊಳ್ಳುವ ಜಾಣತನಕ್ಕೂ ಪರಮತದ ತಿಳಿವಳಿಕೆ ಬೇಕಾಗಿತ್ತು.

ಇದೇ ಸಾಲಿನ ಹಳೆಯ ದಾಖಲೆಗಳು ಕರ್ನಾಟಕದ ಬೇರೆಡೆಯೂ ಇವೆ. ಜೈನರಿಗೂ ಶ್ರೀವೈಷ್ಣವರಿಗೂ ಬಂದ ವ್ಯಾಜ್ಯವನ್ನು ವಿಜಯನಗರದ ಬುಕ್ಕರಾಯ 1368ರಲ್ಲಿ ತೀರ್ಮಾನಿಸಿದ್ದು ಶ್ರವಣಬೆಳಗೊಳದ ಶಾಸನದಲ್ಲಿದೆ. ಬೇರೆ ಪಂಥಗಳನ್ನು ಹೀಗಳೆಯಬಾರದೆಂದು ಹೇಳುವ ಅಶೋಕನ 12ನೇ ಶಿಲಾಶಾಸನದ ಪ್ರತಿ ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ ಸಿಕ್ಕಿದೆ.

ಶಾಸ್ತ್ರಚರ್ಚೆಯ ಪರಂಪರೆ

ಉಡುಪಿ 13ನೇ ಶತಮಾನದಿಂದ ದ್ವೈತ ವೇದಾಂತದ ಕೇಂದ್ರ. ಮಧ್ವಾಚಾರ್ಯರು ಪಾಠ ಹೇಳಿದರೆನ್ನುವ ಅನಂತೇಶ್ವರ ದೇವಾಲಯ, ಅದರ ಎದುರಿನ ಚಂದ್ರಮೌಳೀಶ್ವರ ದೇವಾಲಯ ಮತ್ತು ಕೃಷ್ಣಮಠ ಒಂದೇ ರಥಬೀದಿಯಲ್ಲಿವೆ. ಯಾತ್ರಿಕರು ಮೊದಲು ಚಂದ್ರಮೌಳೀಶ್ವರನನ್ನೂ ಅನಂತೇಶ್ವರನನ್ನೂ ಕಂಡು ಆಮೇಲೆ ಕೃಷ್ಣನ ದರ್ಶನಕ್ಕೆ ಹೋಗುವುದು ಕ್ರಮ.

ಸಿದ್ಧಾಂತದ ಮಟ್ಟದಲ್ಲಿ ಇಲ್ಲಿನ ಪರಂಪರೆ ಸಮನ್ವಯದ್ದಲ್ಲ, ವಾದದ್ದು. ಎದುರಾಳಿಯ ಮತವನ್ನು ಮೊದಲು ಅವನ ವಾದಗಳ ಸಮೇತ ನಿರೂಪಿಸಿ ಆಮೇಲೆ ಖಂಡಿಸುವ ಪೂರ್ವಪಕ್ಷದ ಪದ್ಧತಿ ಎಲ್ಲ ವೇದಾಂತಿಗಳಿಗೂ ಸಾಮಾನ್ಯ. ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದ ಎರಡನೆಯ ಪಾದ ಸಾಂಖ್ಯ, ವೈಶೇಷಿಕ, ಬೌದ್ಧ, ಜೈನ, ಪಾಶುಪತ ಮತಗಳನ್ನು ಸಾಲಾಗಿ ಪರೀಕ್ಷಿಸುತ್ತದೆ. ಮಧ್ವಾಚಾರ್ಯರ ಭಾಷ್ಯವನ್ನು ಓದುವ ವಿದ್ಯಾರ್ಥಿ ಜೈನರ ಏಳು ಬಗೆಯ ಹೇಳಿಕೆಗಳ ತರ್ಕವಾದ ಸಪ್ತಭಂಗಿಯ ಪರಿಚಯವಿಲ್ಲದೆ ಮುಂದೆ ಹೋಗಲಾರ. 16ನೇ ಶತಮಾನದ ವಾದಿರಾಜ ತೀರ್ಥರ ಯುಕ್ತಿಮಲ್ಲಿಕೆಯಲ್ಲಿಯೂ ಪರಮತಗಳ ವಿಸ್ತಾರವಾದ ವಿಮರ್ಶೆ ಇದೆ. ಅತ್ತ ಜೈನರ ಅನೇಕಾಂತವಾದ, ಒಂದೇ ವಸ್ತುವನ್ನು ಹಲವು ನೆಲೆಯಿಂದ ಹೇಳಬಹುದೆನ್ನುವ ತರ್ಕ, ಇದೇ ಜಿಲ್ಲೆಯ ಬಸದಿಗಳಲ್ಲಿ ಬೋಧನೆಯಾಗುತ್ತಿತ್ತು. ಖಂಡನೆಗಾಗಿ ಓದಿದರೂ ಓದು ಓದೇ. ಈ ಓದು ಸಂಸ್ಕೃತ ಬಲ್ಲ ಕೆಲವರಿಗೆ ಮಾತ್ರ ಸೀಮಿತವಾಗಿತ್ತು, ಊರಿನ ಸಹಬಾಳ್ವೆಯ ಮೇಲೆ ಅದರ ಪ್ರಭಾವ ಕಡಿಮೆ.

ಶಾಸ್ತ್ರವಾದದ ಹೊರಗೆ ಪರಮತದವರೊಡನೆ ನಡೆದ ಮಾತುಕತೆಯ ನೆನಪೂ ಈ ಪರಂಪರೆಯಲ್ಲಿದೆ: ಮಧ್ವಾಚಾರ್ಯರ ಜೀವನಚರಿತ್ರೆಯಾದ ಸುಮಧ್ವವಿಜಯದಲ್ಲಿ, ಅವರು ಗಂಗೆ ದಾಟಿದಾಗ ಅಲ್ಲಿನ ತುರುಷ್ಕ ಅರಸನೊಡನೆ ಆತನ ಭಾಷೆಯಲ್ಲಿಯೇ ಮಾತನಾಡಿದ ಪ್ರಸಂಗವಿದೆ.

ದೈವಾರಾಧನೆಯ ಪಾತ್ರ

ಬೇರೆ ಬೇರೆ ಮತದವರನ್ನು ಒಂದೇ ಅಂಗಳಕ್ಕೆ ತಂದದ್ದು ದೈವಾರಾಧನೆ. ದೈವಸ್ಥಾನದ ಆಡಳಿತ ಹೆಚ್ಚಾಗಿ ಗುತ್ತು, ಬೀಡು ಎಂಬ ಊರಿನ ದೊಡ್ಡ ಮನೆತನಗಳ ಕೈಯಲ್ಲಿ. ಆ ಮನೆತನಗಳು ಬಹುಮಟ್ಟಿಗೆ ಬಂಟರದ್ದೋ ಜೈನರದ್ದೋ ಆಗಿರುತ್ತವೆ. ಅಹಿಂಸೆಯನ್ನು ಪರಮವೆಂದು ತಿಳಿದ ಜೈನ ಯಜಮಾನ ತನ್ನ ಬೀಡಿನ ದೈವದ ಉತ್ಸವವಾದ ನೇಮಕ್ಕೆ ಗಡಿಪ್ರಧಾನ ಎಂಬ ಮುಖ್ಯಸ್ಥನಾಗಿ ಕೂರುತ್ತಾನೆ. ಅಂಗಳದಲ್ಲಿ ದೈವ ಕಟ್ಟುವವರು ನಲಿಕೆ, ಪರವ, ಪಂಬದ ಸಮುದಾಯದವರು. ಅಲ್ಲಿ ದೈವ ನುಡಿ ಕೊಡುವಾಗ ಊರಿನ ಮನೆತನಗಳನ್ನೂ ಸಮುದಾಯಗಳನ್ನೂ ಅವರವರ ಕ್ರಮದ ಪ್ರಕಾರ ಕರೆಯುತ್ತದೆ. ಹರಕೆ ಹೊತ್ತ ಮುಸ್ಲಿಮರೂ ಕ್ರೈಸ್ತರೂ ಕಾಣಿಕೆ ಒಪ್ಪಿಸಲು ಬರುವುದು ಹಲವು ಸ್ಥಾನಗಳಲ್ಲಿ ರೂಢಿ.

ಕೆಲವು ದೈವಗಳ ಹುಟ್ಟಿನ ಕಥೆಯಲ್ಲಿಯೇ ಎರಡು ಮತಗಳು ಕೂಡಿವೆ. ಮೊಗವೀರರು ವಿಶೇಷವಾಗಿ ನಂಬುವ ಬೊಬ್ಬರ್ಯ ಕಡಲಿನ ದೈವ. ಕರಾವಳಿಯುದ್ದಕ್ಕೂ ಅದರ ಸ್ಥಾನಗಳಿವೆ. ದೈವದ ಕಥೆ ಹೇಳುವ ತುಳು ಹಾಡಾದ ಪಾಡ್ದನದ ಕೆಲವು ಪಾಠಗಳಲ್ಲಿ ಬೊಬ್ಬರ್ಯನ ತಂದೆ ಮುಸ್ಲಿಂ ವರ್ತಕ. ಕಾಸರಗೋಡು ಜಿಲ್ಲೆಯ ಕುಂಬಳೆ ಬಳಿಯ ಆರಿಕ್ಕಾಡಿಯಲ್ಲಿ ಆಲಿ ಭೂತ ಎಂಬ ಮುಸ್ಲಿಂ ಮೂಲದ ದೈವಕ್ಕೆ ಸ್ಥಾನವಿದೆ. ಕಾಪು ತಾಲೂಕಿನ ದಕ್ಷಿಣದ ಗಡಿಯಾಚೆ ಮೂಲ್ಕಿಯ ಬಪ್ಪನಾಡು ದುರ್ಗಾಪರಮೇಶ್ವರಿ ದೇವಾಲಯದ ಸ್ಥಳಪುರಾಣದಲ್ಲಿ ಬಪ್ಪ ಬ್ಯಾರಿ ಎಂಬ ಮುಸ್ಲಿಂ ವ್ಯಾಪಾರಿಗೆ ದೇವಿ ಕಾಣಿಸಿಕೊಂಡಳು, ಅಲ್ಲಿನ ಜೈನ ಸಾವಂತ ಅರಸನ ನೆರವಿನಿಂದ ಗುಡಿ ಎದ್ದಿತು. ಬಪ್ಪ ಬ್ಯಾರಿಯ ಮನೆತನಕ್ಕೆ ಉತ್ಸವದ ಪ್ರಸಾದ ಸಲ್ಲುವ ಕ್ರಮ ಈಗಲೂ ಇದೆ.

ಇಂಥ ಕಥೆಗಳನ್ನು ಸಮಾನತೆಯ ಪುರಾವೆಯೆಂದು ಎತ್ತಿ ತೋರಿಸುವುದುಂಟು. ಆದರೆ ದೈವದ ಅಂಗಳದಲ್ಲಿ ಎಲ್ಲರಿಗೂ ಜಾಗವಿದ್ದರೂ ಜಾಗ ಒಂದೇ ಅಲ್ಲ. ಯಾರು ಎಲ್ಲಿ ನಿಲ್ಲಬೇಕು, ಯಾರ ಕೈಗೆ ಪ್ರಸಾದ ಮೊದಲು ಬೀಳಬೇಕು ಎಂಬುದು ನಿಗದಿಯಾಗಿತ್ತು. ಒಂದೇ ಪಂಕ್ತಿಯ ಊಟ ಆ ವ್ಯವಸ್ಥೆಯ ಭಾಗವಾಗಿರಲಿಲ್ಲ. ಮುಸ್ಲಿಂ ವ್ಯಾಪಾರಿಗೆ ಸಿಕ್ಕ ಮರ್ಯಾದೆ ಅಸ್ಪೃಶ್ಯರೆಂದು ದೂರವಿಟ್ಟ ಕೊರಗ ಸಮುದಾಯಕ್ಕೆ ಸಿಗಲಿಲ್ಲ.

ಯಾತ್ರೆ, ಹಬ್ಬ, ಕಸುಬು

ಕಾರ್ಕಳದ ಬಳಿಯ ಅತ್ತೂರಿನ ಸಂತ ಲಾರೆನ್ಸರ ಇಗರ್ಜಿ 18ನೇ ಶತಮಾನದಲ್ಲಿ ಹುಟ್ಟಿದ್ದು. 1784ರಲ್ಲಿ ಟಿಪ್ಪು ಸುಲ್ತಾನನ ಕಾಲದಲ್ಲಿ ಕರಾವಳಿಯ ಕಥೊಲಿಕರು ಶ್ರೀರಂಗಪಟ್ಟಣಕ್ಕೆ ಸೆರೆಹೋದಾಗ ಅದು ಹಾಳಾಯಿತು. ಸೆರೆಯಿಂದ ಮರಳಿದವರು ಹೊಸ ಜಾಗ ಹುಡುಕುತ್ತ ಹೊರಟಾಗ, ಗುಡ್ಡದ ಬುಡದ ಚಿಲುಮೆಯ ಪಕ್ಕ ಇಳಿಸಿದ ಸಂತನ ಮೂರ್ತಿ ಮತ್ತೆ ಮೇಲೇಳಲಿಲ್ಲ ಎಂಬುದು ಇಗರ್ಜಿಯ ಪರಂಪರೆ. ನೆಲ ಬಿಡದ ಲಿಂಗ, ನೆಲ ಬಿಡದ ದೈವದ ಕಲ್ಲು ಎಂಬ ಆಶಯ ತುಳುನಾಡಿನ ಗುಡಿಗಳ ಸ್ಥಳಪುರಾಣಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಅತ್ತೂರಿನ ಕಥೆ ಅದೇ ಅಚ್ಚಿನದು. ಜನವರಿಯ ಕೊನೆಯ ವಾರದಲ್ಲಿ ನಡೆಯುವ ವಾರ್ಷಿಕ ಜಾತ್ರೆಯನ್ನು ಜನ ‘ಸಾಂತ್‌ಮಾರಿ’ ಎನ್ನುತ್ತಾರೆ. ಮೊಂಬತ್ತಿ ಹರಕೆ ಹೊತ್ತು ಬರುವವರಲ್ಲಿ ಕ್ರೈಸ್ತೇತರರು ಬಹಳ. 2016ರಲ್ಲಿ ಈ ಇಗರ್ಜಿಗೆ ಮೈನರ್ ಬಸಿಲಿಕಾ ಪದವಿ ಬಂತು.

ಸೆಪ್ಟೆಂಬರ್ 8ರ ಮೊಂತಿ ಫೆಸ್ತ್ ಕಥೊಲಿಕರಿಗೆ ಮರಿಯಮ್ಮನವರ ಜನ್ಮದಿನ ಮತ್ತು ಹೊಸಕ್ಕಿಯ ಹಬ್ಬ. ಇಗರ್ಜಿಯಲ್ಲಿ ಆಶೀರ್ವದಿಸಿದ ಭತ್ತದ ತೆನೆಯನ್ನು ಮನೆಗೆ ತಂದು ಅದರ ಕಾಳನ್ನು ಪಾಯಸಕ್ಕೋ ಹಾಲಿಗೋ ಬೆರೆಸುತ್ತಾರೆ, ಅಂದಿನ ಊಟ ಸಸ್ಯಾಹಾರ. ಅದೇ ಋತುವಿನಲ್ಲಿ ನೆರೆಯ ಹಿಂದೂ ಮನೆಗಳಲ್ಲಿಯೂ ತೆನೆ ಕಟ್ಟಿ ಹೊಸಕ್ಕಿ ಊಟ ಮಾಡುತ್ತಾರೆ.

ಕಸುಬಿನ ಕೊಂಡಿ ಇದಕ್ಕಿಂತ ಬಲವಾದದ್ದು. ಕಾಪು ತಾಲೂಕಿನ ಶಂಕರಪುರದ ಮಲ್ಲಿಗೆ ಭೌಗೋಳಿಕ ಸೂಚಕ ಪಡೆದಿರುವ ಉಡುಪಿ ಮಲ್ಲಿಗೆಯ ತವರು. ಅಲ್ಲಿ ಹೂ ಬೆಳೆಯುವ ಮನೆಗಳಲ್ಲಿ ಕಥೊಲಿಕರವು ಬಹಳ. ಬೆಳಗ್ಗೆ ಕೊಯ್ದು ಬಾಳೆನಾರಿನಲ್ಲಿ ಕಟ್ಟಿ ಚೆಂಡು, ಅಟ್ಟೆಯ ಲೆಕ್ಕದಲ್ಲಿ ಮಾರುವ ಈ ಹೂವು ದೇವಿಯ ಮುಡಿಗೂ ದೈವದ ಮಂಚಕ್ಕೂ ಮದುವೆಯ ಜಡೆಗೂ ಹೋಗುತ್ತದೆ. ಜಾತ್ರೆ, ನೇಮಗಳ ದಿನಗಳಲ್ಲಿ ಅಟ್ಟೆಯ ದರ ಏರುವುದರಿಂದ ಹಿಂದೂ ಪಂಚಾಂಗದ ಲೆಕ್ಕ ಬೆಳೆಗಾರರ ಮನೆಯಲ್ಲಿ ಪಕ್ಕಾ ಇರುತ್ತದೆ. ಕಾಪುವಿನ ಮಾರಿಗುಡಿಯಲ್ಲಿ ನಾಗಸ್ವರ ನುಡಿಸುವ ಸೇವೆ ತಲೆಮಾರುಗಳಿಂದ ಒಂದು ಮುಸ್ಲಿಂ ಕುಟುಂಬದ್ದು.

ಉಡುಪಿ ಪೇಟೆಯಲ್ಲಿ 1906ರಲ್ಲಿ ಹುಟ್ಟಿದ ಕೆನರಾ ಬ್ಯಾಂಕಿಂಗ್ ಕಾರ್ಪೊರೇಶನ್, ಮುಂದೆ ಕಾರ್ಪೊರೇಶನ್ ಬ್ಯಾಂಕ್ ಆದದ್ದು, ಹಾಜಿ ಅಬ್ದುಲ್ಲಾ ಹಾಜಿ ಕಾಸಿಂ ಸಾಹೇಬರ ಮುಂದಾಳುತನದಲ್ಲಿ ಆರಂಭವಾಯಿತು. ಸಾರ್ವಜನಿಕ ಆಸ್ಪತ್ರೆಗೆ ಅವರು ಜಾಗ ಕೊಟ್ಟರು. ಕೃಷ್ಣಮಠದ ದೀಪೋತ್ಸವಕ್ಕೆ ಎಣ್ಣೆ ಸಾಲದಾದಾಗ ಅವರು ಒದಗಿಸಿದರು ಎಂಬ ಪ್ರತೀತಿ ಉಡುಪಿಯಲ್ಲಿ ಉಳಿದಿದೆ. ಕೃಷ್ಣಪೂಜೆಯ ಹೊಣೆ ಒಂದು ಮಠದಿಂದ ಇನ್ನೊಂದಕ್ಕೆ ಸರದಿಯಲ್ಲಿ ಹೋಗುವ ಪರ್ಯಾಯಕ್ಕೆ ಅಕ್ಕಿ, ತೆಂಗಿನಕಾಯಿ, ತರಕಾರಿಗಳನ್ನು ಮೆರವಣಿಗೆಯಲ್ಲಿ ತಂದೊಪ್ಪಿಸುವ ಹೊರೆಕಾಣಿಕೆಯಲ್ಲಿ ಮುಸ್ಲಿಂ ಮತ್ತು ಕ್ರೈಸ್ತ ಸಂಘಟನೆಗಳು ಪಾಲ್ಗೊಂಡದ್ದುಂಟು.

ಮಿಷನ್ ಮತ್ತು ಮುದ್ರಣ

ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ ಬಂದು ಮುಂದೆ ಉಡುಪಿಗೂ ಹಬ್ಬಿತು. ಮತಪ್ರಚಾರ ಅದರ ಘೋಷಿತ ಉದ್ದೇಶ. ಆ ಉದ್ದೇಶಕ್ಕಾಗಿ ಸ್ಥಳೀಯ ಮತಗಳನ್ನು ತಿಳಿಯಬೇಕಾಯಿತು, ತಿಳಿದದ್ದು ಅಚ್ಚಾಯಿತು. ಹರ್ಮನ್ ಮೋಗ್ಲಿಂಗ್ ಹರಿದಾಸರ ಹಾಡುಗಳನ್ನು ಸಂಗ್ರಹಿಸಿ 1850ರಲ್ಲಿ ಪ್ರಕಟಿಸಿದರು. ಉಡುಪಿಯ ಕೃಷ್ಣನ ಮೇಲಿನ ಪದಗಳು ಪುಸ್ತಕರೂಪ ಪಡೆದದ್ದು ಕ್ರೈಸ್ತ ಮುದ್ರಣಾಲಯದಲ್ಲಿ. ಮ್ಯಾನರ್ ಎಂಬ ಪಾದ್ರಿ ತುಳು ನಿಘಂಟನ್ನೂ ಪಾಡ್ದನಗಳ ಸಂಗ್ರಹವನ್ನೂ 1886ರಲ್ಲಿ ಹೊರತಂದರು. ಇದೇ ಕಾಲದ ಯುರೋಪಿಯನ್ ಬರಹಗಳು ದೈವಾರಾಧನೆಯನ್ನು ದೆವ್ವಪೂಜೆ ಎಂದು ಕರೆದವು. ಮೋಗ್ಲಿಂಗ್, ಮ್ಯಾನರರ ದುಡಿಮೆ ಇಲ್ಲದಿದ್ದರೆ ಆ ಪದಗಳ, ಪಾಡ್ದನಗಳ ಕೆಲವು ಪಾಠಗಳು ಬಹುಶಃ ಇಂದು ಇರುತ್ತಿರಲಿಲ್ಲ. ಅವಹೇಳನವೂ ಆಸ್ಥೆಯೂ ಅಲ್ಲಿ ಒಂದೇ ಮೇಜಿನ ಮೇಲಿದ್ದವು. ಮಿಷನ್ನಿನ ಇನ್ನೊಂದು ಕೊಡುಗೆ, 1923ರಲ್ಲಿ ಸ್ವಿಸ್ ವೈದ್ಯೆ ಈವಾ ಲೊಂಬಾರ್ಡ್ ಉಡುಪಿಯಲ್ಲಿ ಆರಂಭಿಸಿದ ಆಸ್ಪತ್ರೆ, ಈಗಲೂ ಅವರ ಹೆಸರಿನಲ್ಲಿದೆ.

ಅಧ್ಯಯನ ಸಂಸ್ಥೆಗಳು ಮತ್ತು ಸಾಹಿತ್ಯ

ಉಡುಪಿಯ ಮಹಾತ್ಮ ಗಾಂಧಿ ಸ್ಮಾರಕ ಕಾಲೇಜು 1949ರಲ್ಲಿ ಆರಂಭವಾಯಿತು. ಅದರ ಆವರಣದ ಗೋವಿಂದ ಪೈ ಸಂಶೋಧನ ಕೇಂದ್ರ ಆರು ಸಂಪುಟಗಳ ತುಳು ನಿಘಂಟನ್ನು ಸಿದ್ಧಪಡಿಸಿತು, ಯು. ಪಿ. ಉಪಾಧ್ಯಾಯರು ಪ್ರಧಾನ ಸಂಪಾದಕರು. ದೈವಾರಾಧನೆಯ ಪರಿಭಾಷೆ ಶಾಸ್ತ್ರೀಯವಾಗಿ ದಾಖಲಾದದ್ದು ಇದರಲ್ಲಿ. ಕೇಂದ್ರಕ್ಕೆ ಹೆಸರಾದ ಎಂ. ಗೋವಿಂದ ಪೈ ಮಂಜೇಶ್ವರದ ಗೌಡ ಸಾರಸ್ವತ ಮನೆತನದವರು. ಅವರ ಗೊಲ್ಗೊಥಾ ಕ್ರಿಸ್ತನ ಕೊನೆಯ ದಿನವನ್ನೂ ವೈಶಾಖಿ ಬುದ್ಧನ ಕೊನೆಯ ದಿನವನ್ನೂ ವಸ್ತುವಾಗಿಸಿಕೊಂಡ ಖಂಡಕಾವ್ಯಗಳು. ಪರಮತದ ಆಳವಾದ ಓದಿಗೆ ಆಧುನಿಕ ಕನ್ನಡದಲ್ಲಿ ಇವಕ್ಕಿಂತ ಒಳ್ಳೆಯ ಉದಾಹರಣೆ ಕಡಿಮೆ. ಫಕೀರ್ ಮುಹಮ್ಮದ್ ಕಟ್ಪಾಡಿಯವರ ಕತೆಗಳು ಕರಾವಳಿಯ ಮುಸ್ಲಿಂ ಬದುಕಿನ ಒಳಗನ್ನು ಇತರರಿಗೆ ತೆರೆದವು. ಸಿಂಡಿಕೇಟ್ ಬ್ಯಾಂಕಿನ ಉದ್ಯೋಗಿಯಾಗಿದ್ದ ಬೊಳುವಾರು ಮಹಮದ್ ಕುಂಞಿಯವರ ಓದಿರಿ ಕಾದಂಬರಿಗೆ ಪ್ರವಾದಿ ಮುಹಮ್ಮದರ ಜೀವನವೇ ವಸ್ತು.

ಮಣಿಪಾಲದಲ್ಲಿ ಟಿ. ಎಂ. ಎ. ಪೈ 1953ರಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜನ್ನು ಕಟ್ಟಿದ ಮೇಲೆ ದೇಶ ವಿದೇಶಗಳ ವಿದ್ಯಾರ್ಥಿಗಳು ಬರತೊಡಗಿದರು. ಇಲ್ಲಿ ಬೇರೆ ಮತದವರೊಡನೆ ಒಡನಾಟ ನಡೆಯುವುದು ಹಾಸ್ಟೆಲು, ಮೆಸ್ಸುಗಳಲ್ಲಿ. ಗುತ್ತು, ಬೀಡುಗಳ ಸಂಬಂಧಗಳಿಗೆ ಇಲ್ಲಿ ಎಡೆಯಿಲ್ಲ. ವಿಜಯನಾಥ ಶೆಣೈ ಕಟ್ಟಿದ ಹಸ್ತಶಿಲ್ಪ ಹೆರಿಟೇಜ್ ವಿಲೇಜ್ ಬೇರೆ ಬೇರೆ ಊರುಗಳಿಂದ ಬಿಚ್ಚಿ ತಂದು ಮತ್ತೆ ನಿಲ್ಲಿಸಿದ ಹಳೆಯ ಮನೆಗಳ ಸಂಗ್ರಹ. ಭಟ್ಕಳದ ನವಾಯತ ಮನೆ, ಮಂಗಳೂರಿನ ಕ್ರೈಸ್ತ ಮನೆ, ಜಂಗಮ ಮಠ, ನವಾಬ್ ಮಹಲು ಅಲ್ಲಿ ಅಕ್ಕಪಕ್ಕದಲ್ಲಿವೆ.

ಸಂವಾದ ಮತ್ತು ಕಾನೂನು

ಸಭೆಯ ರೂಪದ ಸಂವಾದಕ್ಕೆ ಕರಾವಳಿಯಲ್ಲಿ ಹಳೆಯ ಮಾದರಿ ಧರ್ಮಸ್ಥಳದ ಸರ್ವಧರ್ಮ ಸಮ್ಮೇಳನ. 1930ರ ದಶಕದಿಂದ ಲಕ್ಷದೀಪೋತ್ಸವದ ಸಮಯದಲ್ಲಿ ಅದು ನಡೆಯುತ್ತಿದೆ. ಅಲ್ಲಿನ ದೇವಾಲಯದ ಆಡಳಿತ ಜೈನ ಹೆಗ್ಗಡೆಯವರದು, ದೇವರು ಮಂಜುನಾಥ, ಅರ್ಚಕರು ಮಾಧ್ವರು. ಲಿಂಗವನ್ನು ಪ್ರತಿಷ್ಠಾಪಿಸಿದವರು ಉಡುಪಿಯ ಅಷ್ಟಮಠಗಳಲ್ಲಿ ಒಂದಾದ ಸೋದೆ ಮಠದ ವಾದಿರಾಜರು ಎಂಬುದು ಪರಂಪರೆ. ಕಥೊಲಿಕರಲ್ಲಿ 1965ರಲ್ಲಿ ಮುಗಿದ ಎರಡನೆಯ ವ್ಯಾಟಿಕನ್ ಮಹಾಸಭೆಯ ನಂತರ ಅನ್ಯಮತ ಸಂವಾದಕ್ಕೆ ಅಧಿಕೃತ ಸ್ಥಾನ ದೊರೆಯಿತು. 2012ರಲ್ಲಿ ಉಡುಪಿ ಪ್ರತ್ಯೇಕ ಧರ್ಮಪ್ರಾಂತ್ಯವಾಯಿತು. ಇತರ ಮತದವರನ್ನು ಮಸೀದಿಯ ಒಳಗೆ ಕರೆದು ವಿವರಿಸುವ ಮಸೀದಿ ದರ್ಶನ ಕಾರ್ಯಕ್ರಮಗಳು ಈಚಿನವು.

ಸಂವಿಧಾನದ 28ನೆಯ ವಿಧಿ ಪೂರ್ಣವಾಗಿ ಸರ್ಕಾರದ ಹಣದಿಂದ ನಡೆಯುವ ಶಾಲೆಗಳಲ್ಲಿ ಮತಬೋಧನೆಯನ್ನು ನಿಷೇಧಿಸುತ್ತದೆ. ಮತಗಳ ಬಗ್ಗೆ ತಿಳಿವಳಿಕೆ ಕೊಡುವ ಪಾಠಕ್ಕೆ ಈ ನಿಷೇಧ ಅನ್ವಯಿಸದು ಎಂದು ಸುಪ್ರೀಂ ಕೋರ್ಟ್ 2002ರ ಅರುಣಾ ರಾಯ್ ಪ್ರಕರಣದಲ್ಲಿ ಹೇಳಿತು.

ಈಚಿನ ಸ್ಥಿತಿ

2017ರ ಜೂನ್‌ನಲ್ಲಿ ಪೇಜಾವರ ಮಠದ ವಿಶ್ವೇಶತೀರ್ಥರು ಕೃಷ್ಣಮಠದ ಆವರಣದಲ್ಲಿ ಮುಸ್ಲಿಮರಿಗೆ ಇಫ್ತಾರ್ ಕೂಟ ಏರ್ಪಡಿಸಿದರು. ಕೆಲವು ಹಿಂದೂ ಸಂಘಟನೆಗಳು ಪ್ರತಿಭಟಿಸಿದವು. ಸ್ವಾಮಿಗಳು ತಮ್ಮ ನಡೆಯನ್ನು ಸಮರ್ಥಿಸಿಕೊಂಡರು. ಅವರು ವಿಶ್ವ ಹಿಂದೂ ಪರಿಷತ್ತಿನ ಹಿರಿಯ ಮಾರ್ಗದರ್ಶಕರೂ ಆಗಿದ್ದರಿಂದ ಈ ಘಟನೆ ಎರಡೂ ಕಡೆಯ ಲೆಕ್ಕಾಚಾರಕ್ಕೆ ಸುಲಭವಾಗಿ ಒಗ್ಗಲಿಲ್ಲ.

2021ರ ಕೊನೆಯಲ್ಲಿ ಉಡುಪಿಯ ಸರ್ಕಾರಿ ಬಾಲಕಿಯರ ಪದವಿಪೂರ್ವ ಕಾಲೇಜಿನಲ್ಲಿ ಕೆಲವು ವಿದ್ಯಾರ್ಥಿನಿಯರು ಹಿಜಾಬ್ ಧರಿಸಿ ತರಗತಿಗೆ ಬರುವ ಬಗ್ಗೆ ಎದ್ದ ವಿವಾದ ರಾಜ್ಯಕ್ಕೆಲ್ಲ ಹಬ್ಬಿತು. ಸಮವಸ್ತ್ರದ ಬಗ್ಗೆ ಸರ್ಕಾರ 2022ರ ಫೆಬ್ರವರಿ 5ರಂದು ಆದೇಶ ಹೊರಡಿಸಿತು, ಹೈಕೋರ್ಟ್ ಮಾರ್ಚ್ 15ರಂದು ಅದನ್ನು ಎತ್ತಿಹಿಡಿಯಿತು. ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ನೀಡಿದ್ದರಿಂದ ಪ್ರಕರಣ ವಿಸ್ತೃತ ಪೀಠದ ದಾರಿ ಹಿಡಿಯಿತು.

ಅದೇ 2022ರ ಮಾರ್ಚ್‌ನಲ್ಲಿ ಕಾಪುವಿನ ಹೊಸ ಮಾರಿಗುಡಿಯ ಸುಗ್ಗಿ ಮಾರಿಪೂಜೆಗೆ ಅಂಗಡಿ ಜಾಗಗಳ ಹರಾಜಿನಲ್ಲಿ ಹಿಂದೂಯೇತರರಿಗೆ ಅವಕಾಶ ನಿರಾಕರಿಸಲಾಯಿತು. ಜಿಲ್ಲೆಯ ಒಳಗೂ ಹೊರಗೂ ಇತರ ಜಾತ್ರೆಗಳಲ್ಲಿ ಇದೇ ಬೇಡಿಕೆ ಎದ್ದಿತು. ದೇವಾಲಯದ ಆಸ್ತಿಯನ್ನು ಹಿಂದೂಯೇತರರಿಗೆ ಗುತ್ತಿಗೆ ಕೊಡಬಾರದೆನ್ನುವ, ಧಾರ್ಮಿಕ ದತ್ತಿ ಕಾಯ್ದೆಯಡಿಯ 2002ರ ನಿಯಮವನ್ನು ಸರ್ಕಾರ ಉಲ್ಲೇಖಿಸಿತು. ಈ ಸೀಮೆಯ ಪರಮತ ಪರಿಚಯ ನಿಂತದ್ದು ವ್ಯಾಪಾರ ಮತ್ತು ಸೇವೆಯ ಸಂಬಂಧದ ಮೇಲಾದ್ದರಿಂದ, ಕಲೆಗೋ ಪ್ರವಚನಕ್ಕೋ ಕುತ್ತು ಬಂದದ್ದಕ್ಕಿಂತ ಇದು ಹೆಚ್ಚಿನ ಪೆಟ್ಟು. ಜಾತ್ರೆಗೆ ಬಾರದ ಮುಸ್ಲಿಂ ಬಳೆಗಾರನಿಗೆ ಮುಂದಿನ ಮಾರಿಪೂಜೆಯ ತಿಥಿ ತಿಳಿದಿರಬೇಕಾದ ಅಗತ್ಯ ಉಳಿಯುವುದಿಲ್ಲ. ಆ ವರ್ಷದ ಮೇ ತಿಂಗಳಲ್ಲಿ ಉಡುಪಿಯಲ್ಲಿ ಹಲವು ಸಂಘಟನೆಗಳು ಸೇರಿ ಸಹಬಾಳ್ವೆ ಸಮಾವೇಶ ನಡೆಸಿದವು. ಮಾರಿಗುಡಿಯ ನಾಗಸ್ವರ ಸೇವೆ ಹರಾಜಿನ ವಿವಾದದ ನಡುವೆಯೂ ಅದೇ ಮುಸ್ಲಿಂ ಕುಟುಂಬದಿಂದ ನಡೆಯಿತು.